ಹಳೆಯ ಕೈ

ದೂರಿನಲ್ಲಿ ಬರೆದದ್ದು ಇಷ್ಟೇ: 'ಲ್ಯಾಪ್‌ಟಾಪ್ ಚಾಲೂ ಇದೆ. ಇಂಟರ್‌ನೆಟ್ ಬರುತ್ತದೆ. ಆಫೀಸಿನ ಹಂಚಿಕೆ ಫೋಲ್ಡರ್ ಮಾತ್ರ ತೆರೆಯುತ್ತಿಲ್ಲ. ಒಂಬತ್ತು ದಿನವಾಯಿತು. ತುರ್ತು.'

ತುರ್ತು ಎಂಬ ಪದ ಎಲ್ಲ ದೂರಿನಲ್ಲೂ ಇರುತ್ತದೆ. ಪ್ರಿಂಟರಿನಲ್ಲಿ ಕಾಗದ ಮುಗಿದರೂ ತುರ್ತು. ನಾನು ಆ ಪದವನ್ನು ಓದುವುದನ್ನೇ ಬಿಟ್ಟಿದ್ದೆ.

ಬೆಳಿಗ್ಗೆ ನಾನು ಬ್ಯಾಗಿಗೆ ಕೇಬಲ್ ತುಂಬುವಾಗ ನನ್ನ ಹೆಂಡತಿ ಸಾವಂತ್ರಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಫೋನಿನ ಜೊತೆ ಜಗಳವಾಡುತ್ತಿದ್ದಳು. ಚಿಕೂನ್‌ಗುನ್ಯಾ ಬಂದು ಹೋಗಿ ಎರಡು ತಿಂಗಳಾದರೂ ಬೆರಳಿನ ಗೆಣ್ಣುಗಳ ಬಾವು ಇಳಿದಿರಲಿಲ್ಲ.

"ಇದು ನನ್ನ ಗುರ್ತು ಹಿಡೀವಲ್ದು," ಎಂದಳು. "ಮೂರು ಸಲ ಹೊಡದೆ. ನೀವು ಯಾರು ಅಂತ ಕೇಳ್ತೈತಿ. ಗ್ಯಾಸ್ ಬುಕ್ ಮಾಡ್ಬೇಕು."

"ಬೆರಳು ಬಿಸಿನೀರಾಗ ಅದ್ದಿ ಆಮ್ಯಾಲೆ ಹೊಡಿ."

"ಬಿಸಿನೀರು ಕಾಸಾಕ ಗ್ಯಾಸ್ ಬೇಕಲ್ಲ, ಸಾಹೇಬ್ರ."

ನೆಟ್‌ವರ್ಕ್ ರಿಪೇರಿಯವನ ಮನೆಯಲ್ಲಿ ನೆಟ್‌ವರ್ಕ್ ಸರಿಯಿರುವುದಿಲ್ಲ.

ಪಾಸ್‌ವರ್ಡ್‌ಗಳು ಹೋಗಿ ಏಳು ವರ್ಷ ದಾಟಿತ್ತು. ಜನ ಅವನ್ನು ಗೋಡೆಗೆ ಬರೆದು, ಕ್ಯಾಲೆಂಡರಿನ ಹಿಂದೆ ಬರೆದು, ಫೋನಿನಲ್ಲಿ ಕೇಳಿದ ಕಳ್ಳನಿಗೆ ಸಾವಕಾಶವಾಗಿ ಬಿಡಿಸಿ ಹೇಳಿ ಸೋತಿದ್ದರು. ಆಮೇಲೆ ಬಂದದ್ದು ಕೈಗುರುತು. ನೀವು ಒಂದು ಅಕ್ಷರದಿಂದ ಇನ್ನೊಂದಕ್ಕೆ ಎಷ್ಟು ಬೇಗ ಹೋಗುತ್ತೀರಿ, ಯಾವ ಬೆರಳು ಭಾರ, ಎಲ್ಲಿ ತಡೆಯುತ್ತೀರಿ, ತಪ್ಪಾದರೆ ಒಂದಕ್ಷರ ಅಳಿಸುತ್ತೀರೋ ಇಡೀ ಪದ ಅಳಿಸುತ್ತೀರೋ, ಇದನ್ನೆಲ್ಲ ಯಂತ್ರ ದಿನವೂ ನೋಡಿ ಕಲಿಯುತ್ತದೆ. ನೂರಕ್ಕೆ ಎಪ್ಪತ್ತು ಹೊಂದಿದರೆ ನೀವು ನೀವೇ. ಅರವತ್ತೊಂಬತ್ತಾದರೆ ನೀವು ಬೇರೆ ಯಾರೋ. ಬೆರಳಚ್ಚನ್ನು ಮೇಣದಲ್ಲಿ ಕದಿಯಬಹುದು, ಮುಖವನ್ನು ಫೋಟೋದಲ್ಲಿ ಕದಿಯಬಹುದು, ಚಾಳಿಯನ್ನು ಯಾರೂ ಕದಿಯಲಾರರು ಎಂದು ಬಸ್ಸುಗಳ ಹಿಂದೆ ಜಾಹೀರಾತು ಹಾಕಿದ್ದರು.

ಅದು ಸುಳ್ಳಲ್ಲ. ಆದರೆ ಕೈಗಳು ಬಾಯುತ್ತವೆ, ಮುರಿಯುತ್ತವೆ, ನಡುಗುತ್ತವೆ. ಮದುವೆಯಾದ ಹೊಸದರಲ್ಲಿ ಕೈತುಂಬ ಹಸಿರು ಬಳೆ ತೊಟ್ಟ ಹೆಣ್ಣುಮಕ್ಕಳನ್ನು ಬ್ಯಾಂಕು ಒಂದು ತಿಂಗಳು ಒಳಗೆ ಬಿಡಲಿಲ್ಲ. ನನ್ನ ತಾಯಿ ಸತ್ತ ವಾರ ನನ್ನ ಫೋನು ನನ್ನನ್ನು ಒಪ್ಪಲಿಲ್ಲ. ಊರೂರಿನ ಸೇವಾ ಕೇಂದ್ರಗಳಲ್ಲಿ ಗುರುವಾರಕ್ಕೊಮ್ಮೆ ಕೀಲುಬೇನೆಯ ಕೌಂಟರ್ ತೆರೆಯುತ್ತದೆ. ಅಲ್ಲಿ ಸರದಿಯಲ್ಲಿ ನಿಂತು, ಡಾಕ್ಟರ ಚೀಟಿ ತೋರಿಸಿ, ನಾನು ನಾನೇ ಎಂದು ಹೇಳಿಕೊಳ್ಳಬೇಕು. ಜನ ಅದಕ್ಕೂ ಹೊಂದಿಕೊಂಡರು. ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

"ಗುರುವಾರ ಕೌಂಟರಿಗೆ ಹೋಗೂಣು," ಎಂದು ಸಾವಂತ್ರಿಗೆ ಹೇಳಿ ಬಸ್ಸು ಹಿಡಿದೆ.

*

ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ದಾರಿ. ಊರಿನ ಹೊರಗೆ, ನೀರಿನ ಟಾಕಿಯ ಬುಡದಲ್ಲಿ ನೀರು ಸರಬರಾಜು ವಿಭಾಗದ ಕಚೇರಿ. ಎರಡನೆಯ ಮಹಡಿಯಲ್ಲಿ ನಿಯಂತ್ರಣ ಕೊಠಡಿ. ಗೋಡೆಯ ತುಂಬ ಒಂದು ಪರದೆ, ಅದರಲ್ಲಿ ಊರಿನ ನಕಾಶೆ, ನಕಾಶೆಯಲ್ಲಿ ಮೂವತ್ತೊಂದು ವಾಲ್ವುಗಳು. ತೆರೆದದ್ದು ಹಸಿರು, ಮುಚ್ಚಿದ್ದು ಕೆಂಪು. ಮೂರು ಮಾತ್ರ ಹಸಿರಾಗಿದ್ದವು.

ಮೇಜಿನ ಮೇಲೆ ಎರಡು ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳುತ್ತಿದ್ದವು. ಜವಾನ ಹಸನ್‌ಸಾಬ ಅವನ್ನು ಎತ್ತಿ ಎತ್ತಿ ಇಡುತ್ತಿದ್ದ. "ಹೌದ್ರಿ. ಬಿಡ್ತೀವ್ರಿ. ನಾಳೆರೀ. ಯವ್ವಾ, ನನಗ ಬೈದ್ರ ನೀರು ಬರತೈತೇನು? ಬೈರಿ ಹಂಗಾರ."

ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಗುರುಶಾಂತ ಬಳಿಗಾರ ಸಾಹೇಬರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಐವತ್ತೆಂಟು ದಾಟಿದ, ಸಿಟ್ಟು ಮಾಡುವಷ್ಟೂ ತ್ರಾಣವಿಲ್ಲದ ಮುಖ.

"ಎಲ್ಲಾ ತೆರೀತೈತಿ, ಫಕ್ಕೀರಪ್ಪ. ಪೇಪರ್ ತೆರೀತೈತಿ, ಕ್ರಿಕೆಟ್ ತೆರೀತೈತಿ. ಸರದಿ ಫೋಲ್ಡರ್ ಒಂದ ತೆರೀವಲ್ದು."

ಆ ಫೋಲ್ಡರಿನಲ್ಲಿ ಇರುವುದು ನೀರು ಬಿಡುವ ಸರದಿ. ಯಾವ ವಾರ್ಡಿಗೆ ಯಾವಾಗ, ಎಷ್ಟು ತಾಸು ಎಂದು ಅಲ್ಲಿ ಬರೆದರೆ ವಾಲ್ವುಗಳು ತಾವೇ ತೆರೆದು ಮುಚ್ಚಿಕೊಳ್ಳುತ್ತವೆ. ಯಾರೂ ಬರೆಯದಿದ್ದರೆ ಕಡೆಯ ದಿನದ ಸರದಿಯನ್ನೇ ಮತ್ತೆ ಮತ್ತೆ ನಡೆಸುತ್ತವೆ. ಹೀಗಾಗಿ ಒಂಬತ್ತು ದಿನದಿಂದ ಮೂರು, ನಾಲ್ಕು, ಐದನೆಯ ವಾರ್ಡಿನವರ ಅಂಗಳದಲ್ಲಿ ನೀರು ಹರಿಯುತ್ತಿತ್ತು. ಉಳಿದವರು ಟ್ಯಾಂಕರಿನ ಹಿಂದೆ ಓಡುತ್ತಿದ್ದರು. ಕೈಯಿಂದ ತಿರುಗಿಸೋಣವೆಂದರೆ ವಾಲ್ವ್‌ಮನ್‌ಗಳನ್ನು ತೆಗೆದು ಐದು ವರ್ಷವಾಗಿತ್ತು. ಅವರ ಕೀಲಿಗಳು ಎಲ್ಲಿವೆಯೋ ಯಾರಿಗೂ ಗೊತ್ತಿರಲಿಲ್ಲ.

"ಹೆಡ್ಡಾಫೀಸಿಗೆ ಹೇಳಿದ್ರೇನ್ರಿ? ಅವ್ರು ಅಲ್ಲಿಂದ ಬಿಡಬೋದಿತ್ತು."

"ಹೇಳಿದ್ರ ಯಾಕ ಅಂತ ಕೇಳ್ತಾರ," ಎಂದರು ಸಾಹೇಬರು. "ನೀ ಮೊದಲು ನೋಡು."

ನೋಡಿದೆ. ಕೇಬಲ್ ತೆಗೆದು ಹಾಕಿದೆ. ಬೇರೆ ಕೇಬಲ್ ಹಾಕಿದೆ. ವೈಫೈ ಆರಿಸಿ ಹಚ್ಚಿದೆ. ಲ್ಯಾಪ್‌ಟಾಪಿನ ವಿಳಾಸ ಸರಿಯಿತ್ತು, ಸರ್ವರಿನ ಹೆಸರು ಸರಿಯಿತ್ತು, ಗಡಿಯಾರವೂ ಸರಿಯಿತ್ತು. ಗಡಿಯಾರ ಐದು ನಿಮಿಷ ತಪ್ಪಿದರೂ ಸರ್ವರ್ ಮಾತು ಬಿಡುತ್ತದೆ, ಅದಕ್ಕೇ ನೋಡುವುದು. ಲ್ಯಾಪ್‌ಟಾಪಿನಿಂದ ಕೂಗಿದರೆ ಸರ್ವರ್ ಓಗೊಡುತ್ತಿತ್ತು. ಪ್ರಿಂಟರೂ ಕಾಣುತ್ತಿತ್ತು, ಆದರೆ ಮುದ್ರಿಸುತ್ತಿರಲಿಲ್ಲ. ಪಕ್ಕದ ಕೋಣೆಯ ಕಂಪ್ಯೂಟರುಗಳು ಅದೇ ಸರ್ವರಿನಲ್ಲಿ ಆರಾಮಾಗಿ ಕೆಲಸ ಮಾಡುತ್ತಿದ್ದವು. ಎಂದರೆ ದಾರಿ ಸರಿಯಿದೆ, ಬಾಗಿಲೂ ಸರಿಯಿದೆ. ಈ ಲ್ಯಾಪ್‌ಟಾಪನ್ನು ಮಾತ್ರ ಒಳಗೆ ಬಿಡುತ್ತಿಲ್ಲ.

"ನೀವ ಒಂದ್ಸಲ ಹೊಡೀರಿ ಸಾಹೇಬ್ರ," ಎಂದೆ.

ಬಳಿಗಾರ ಸಾಹೇಬರು ಕನ್ನಡಕ ಏರಿಸಿಕೊಂಡು ತಮ್ಮ ಹೆಸರನ್ನು ಹೊಡೆದರು. ಒಂದೊಂದು ಅಕ್ಷರವನ್ನೂ ಹುಡುಕಿ, ಸಿಕ್ಕ ಮೇಲೆ ಅನುಮಾನದಿಂದ ನೋಡಿ, ತೋರುಬೆರಳಿಂದ ಒತ್ತಿದರು. ನಾನು ನನ್ನ ಲ್ಯಾಪ್‌ಟಾಪಿನಲ್ಲಿ ತಾಂತ್ರಿಕ ಸಿಬ್ಬಂದಿಯ ಕಿಟಕಿ ತೆರೆದು ಲಾಗ್, ಎಂದರೆ ಯಾರು ಯಾವಾಗ ಹೇಗೆ ಹೊಡೆದರೆಂಬ ದಾಖಲೆ, ನೋಡಿದೆ.

ಗುರುಶಾಂತ ಬಳಿಗಾರ: ನೂರಕ್ಕೆ ಹನ್ನೊಂದು.

ಕೈಬೇನೆಯಾದರೂ ಹನ್ನೊಂದಕ್ಕೆ ಇಳಿಯುವುದಿಲ್ಲ. ಸಾವಂತ್ರಿಯ ಬಾತ ಬೆರಳಿಗೂ ಐವತ್ತು ಬರುತ್ತದೆ. ನಾನು ಹಳೆಯ ಲಾಗಿಗೆ ಹೋದೆ. ಏಳು ವರ್ಷದಿಂದ ಬಳಿಗಾರ ಎಂಬ ಹೆಸರಿನಲ್ಲಿ ಕೆಲಸ ಮಾಡಿದ ಕೈ ಹತ್ತೂ ಬೆರಳಿನದು, ಚುರುಕಾದದ್ದು. ದಿನವೂ ಒಂಬತ್ತೂ ನಲವತ್ತಕ್ಕೆ ಸರದಿ ತೆರೆಯುತ್ತಿತ್ತು. ಒಂದೂ ಹತ್ತಕ್ಕೆ ನಿಂತು ಇಪ್ಪತ್ತೆರಡು ನಿಮಿಷದಲ್ಲಿ ಮತ್ತೆ ಶುರುವಾಗುತ್ತಿತ್ತು. ಉಳಿಸು ಎಂಬುದನ್ನು ಯಾವಾಗಲೂ ಎರಡು ಸಲ ಒತ್ತುತ್ತಿತ್ತು. ಮೂರು ವರ್ಷದ ಹಿಂದೆ ಎಡಗೈ ಪೂರ್ತಿ ಸುಮ್ಮನಾಗಿ, ನಾಲ್ಕು ತಿಂಗಳು ಬಲಗೈ ಒಂದೇ ದುಡಿದಿತ್ತು. ಆ ನಾಲ್ಕು ತಿಂಗಳಲ್ಲೂ ಒಂದು ದಿನ ತಪ್ಪಿರಲಿಲ್ಲ. ಬಿಡದೆ ಬರುತ್ತಿದ್ದುದರಿಂದ ಯಂತ್ರ ಆ ಮುರಿದ ಕೈಯನ್ನೂ ಕಲಿತುಕೊಂಡಿತ್ತು. ಕಳೆದ ತಿಂಗಳ ಮೂವತ್ತೊಂದಕ್ಕೆ ಎಲ್ಲ ನಿಂತಿತ್ತು.

"ಸಾಹೇಬ್ರ, ಈ ಲ್ಯಾಪ್‌ಟಾಪ್ ಯಾರು ಬಳಸ್ತಿದ್ರು?"

ಸಾಹೇಬರು ಕಿಟಕಿಯಾಚೆ ಟಾಕಿ ನೋಡಿದರು. ಹಸನ್‌ಸಾಬ ಫೋನಿನ ಬಾಯಿಗೆ ಅಂಗೈ ಒತ್ತಿ ಹಿಡಿದು ಹೇಳಿದ, "ನೀಲಕ್ಕ. ಮತ್ಯಾರು? ಸಾಹೇಬ್ರು ಹೇಳೂದು, ನೀಲಕ್ಕ ಹೊಡಿಯೂದು."

ಇದರಲ್ಲಿ ಆಶ್ಚರ್ಯವಿಲ್ಲ. ನಾನು ಹೋದ ಎಷ್ಟೋ ಕಚೇರಿಗಳಲ್ಲಿ ಸಾಹೇಬರ ಪಕ್ಕ ಇನ್ನೊಂದು ಕುರ್ಚಿ ಇರುತ್ತದೆ. ಆದರೆ ಕೈಗುರುತು ಬಂದ ದಿನ ಎಲ್ಲರೂ ಹೆದರಿ ತಮ್ಮ ತಮ್ಮ ಬೆರಳಿಂದ ನೋಂದಾಯಿಸಿಕೊಂಡಿದ್ದರು. ಇಲ್ಲಿ ಅದನ್ನೂ ಅವಳಿಂದಲೇ ಮಾಡಿಸಿದ್ದರು. ಹದಿನೈದು ನಿಮಿಷ ಕೂತು ಒಂದೇ ಸಮನೆ ಹೊಡೆಯಬೇಕಿತ್ತು, ಸಾಹೇಬರಿಗೆ ಬೇಸರವಾಗಿತ್ತು, 'ನೀಲಾ, ನೀನ ಹೊಡದಬಿಡು' ಎಂದಿದ್ದರು. ಅಂದಿನಿಂದ ನೆಟ್‌ವರ್ಕಿನ ಮಟ್ಟಿಗೆ ಗುರುಶಾಂತ ಬಳಿಗಾರ ಎಂದರೆ ಅವಳು.

"ಅವ್ರೀಗ ಎಲ್ಲದಾರ?"

"ಗುತ್ತಿಗೆದಾರ ಬದಲಾದ. ಹೊಸಾವ ತನ್ನ ಮಂದೀನ ತಂದ," ಎಂದರು ಸಾಹೇಬರು. "ನನ್ನ ಕೈಯಾಗೇನೈತಿ? ಈಗ ನನ್ನ ಕೈಗುರುತು ಮಾಡಿಕೊಟ್ಟುಬಿಡು. ಹಳೇದನ್ನ ಅಳಸು."

"ನನಗ ಅಳಸಾಕ ಬರಂಗಿಲ್ರಿ. ಹಳೇ ಕೈ ಒಪ್ಪಬೇಕು."

ಅದು ನಿಯಮ. ಇಲ್ಲದಿದ್ದರೆ ಕಳ್ಳನೇ ಬಂದು ನನ್ನ ಕೈ ಬದಲಾಗಿದೆ ಎನ್ನಬಹುದು. ಹಳೆಯ ಕೈಯೇ ಕೂತು ಒಂದು ಹೇಳಿಕೆ ಹೊಡೆಯಬೇಕು: ನಾನು ಇಂಥವನು, ನನ್ನ ಕೈಗುರುತು ಅಳಿಸಲು ಒಪ್ಪಿದ್ದೇನೆ, ಕಾರಣ ಇದು. ಕೈ ಸರಿಯಾಗಿ ಸಿಗಲೆಂದು ಕಾರಣವನ್ನು ಸ್ವಂತ ಮಾತಿನಲ್ಲಿ ನಲವತ್ತು ಪದಕ್ಕೆ ಕಡಿಮೆಯಿಲ್ಲದಂತೆ ಬರೆಯಬೇಕು. ಹೇಳಿಕೆ ಹೆಡ್ಡಾಫೀಸಿಗೆ ಹೋಗಿ ಕಾಯಂ ಉಳಿಯುತ್ತದೆ. ಕೈಗುರುತು ಮಾತ್ರ, ಹಳೆಯ ಲಾಗಿನ ಸಮೇತ, ಆಗಲೇ ಅಳಿಯುತ್ತದೆ. ಮೈಯ ಗುರುತನ್ನು ಯಾರೂ ಇಟ್ಟುಕೊಳ್ಳಬಾರದೆಂದು ಕಾನೂನಿದೆ.

"ಅಂದ್ರ ನೀಲಾನ ಕರೀಬೇಕು," ಎಂದರು ಸಾಹೇಬರು. "ನಾ ಫೋನ್ ಮಾಡಿದ್ರ ಎತ್ತವಲ್ಲಳು. ನೀನ ಹೋಗಿ ಕರಕೊಂಡು ಬಾ. ಸರದಿ ಹಾಕ್ಲಿ, ಆ ಹೇಳಿಕಿನೂ ಹೊಡದುಹೋಗ್ಲಿ. ನಂದೂ ಇನ್ನ ಹದಿನಾಲ್ಕು ತಿಂಗಳೈತಿ ನೋಡು, ಸುಮ್ನ ಮುಗಿಸಿ ಮನಿಗಿ ಹೋಗ್ಬೇಕು."

*

ನೀಲಕ್ಕ, ಎಂದರೆ ನೀಲಗಂಗಾ ಹಡಪದ, ಹದಿನಾಲ್ಕನೆಯ ವಾರ್ಡಿನ ಒಂದು ಖಡಕ್ ರೊಟ್ಟಿ ಕೇಂದ್ರದಲ್ಲಿ ಸಿಕ್ಕಳು. ತಗಡಿನ ಚಪ್ಪರದ ಕೆಳಗೆ ಆರು ಒಲೆ, ಆರು ಹೆಂಗಸರು. ನಾಲ್ಕು ಒಲೆ ಆರಿದ್ದವು. ಹಿಟ್ಟು ಕಲಸಲು ನೀರಿರಲಿಲ್ಲ. ಬಾಗಿಲಲ್ಲಿ ಕೊಡಗಳ ಸಾಲಿತ್ತು.

ನನ್ನ ಕೊರಳಿನ ಗುರುತಿನ ಚೀಟಿ ನೋಡಿ ಕೇಂದ್ರ ನಡೆಸುವ ಈರವ್ವ ಸೊಂಟಕ್ಕೆ ಕೈಯಿಟ್ಟಳು. "ನೀರಿನ ಆಫೀಸಿನವ್ರೇನು? ಏನ, ನೀರು ಕುಡ್ಯಾಕ ಬಂದೀರೇನು ಇಲ್ಲಿಗೆ?"

"ನಾ ಕಂಪ್ಯೂಟರ್ ರಿಪೇರಿಯಾಂವರಿ."

"ಕಂಪ್ಯೂಟರಿಗೆ ಏನ ಕುಡಿಸ್ತೀರಪ್ಪಾ? ಅದನ್ನರ ಕೊಡ್ರಿ ನಮಗ."

ನೀಲಗಂಗಾ ನಗದೆ ಎದ್ದು ಬಂದಳು. ನಲವತ್ತರ ಆಸುಪಾಸಿನ ಸಣಕಲು ಹೆಂಗಸು. ಮುಂಗೈವರೆಗೆ ಜೋಳದ ಹಿಟ್ಟು. ನಾನು ಬಂದ ಕಾರಣ ಹೇಳಿದೆ. ಅರ್ಧ ಹೇಳುವಷ್ಟರಲ್ಲೇ ಅವಳಿಗೆ ಉಳಿದದ್ದು ಗೊತ್ತಾಯಿತು.

"ಹನ್ನೊಂದು ಬಂತೇನು ಅವ್ರಿಗೆ? ಹೆಚ್ಚಾತು ಬಿಡ್ರಿ."

"ಅಕ್ಕಾರ, ನಿಮ್ಮ ಎಡಗೈ ಮುರದಿತ್ತೇನು? ಮೂರು ವರ್ಷದ ಹಿಂದ?"

ಅವಳು ನನ್ನ ಮುಖ ನೋಡಿದಳು. "ಯಾರ ಹೇಳಿದ್ರು?"

"ಲಾಗ್‌ದಾಗ ಐತಿ. ಏಳು ವರ್ಷ ಎರಡು ತಿಂಗಳದ್ದು ಪೂರಾ ಐತಿ. ನೀವು ಯಾವಾಗ ಬಂದ್ರಿ, ಯಾವಾಗ ಊಟಕ್ಕ ಎದ್ರಿ, ಎಲ್ಲಾ. ಹೆಸರಷ್ಟ ಸಾಹೇಬ್ರದು."

ಅವಳು ಆರಿದ ಒಲೆಯ ಕಟ್ಟೆಯ ಮೇಲೆ ಕೂತಳು. ತಾನಾಗಿಯೇ ಹೇಳತೊಡಗಿದಳು. ಬಿಡದೆ ಏಳು ವರ್ಷ ಕೆಲಸ ಮಾಡಿದ ದಿನಗೂಲಿಯವರನ್ನು ಕಾಯಂ ಮಾಡುತ್ತೇವೆಂದು ಸರಕಾರ ಅರ್ಜಿ ಕರೆದಿತ್ತು. ಎರಡು ತಿಂಗಳ ಹಿಂದೆ ಅವಳೂ ಹಾಕಿದ್ದಳು. ಹಳೆಯ ಗುತ್ತಿಗೆದಾರ ಅವಳ ಹೆಸರು ತನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ ಎಂದ. ಇಂಥವರು ನಮ್ಮಲ್ಲಿ ಕೆಲಸ ಮಾಡಿದ ದಾಖಲೆ ಇಲ್ಲವೆಂದು ಕಚೇರಿಯಿಂದಲೂ ಪತ್ರ ಹೋಯಿತು. ಬರುವ ಮಂಗಳವಾರ ಜಿಲ್ಲಾ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಪುರಾವೆ ತರದಿದ್ದರೆ ಅರ್ಜಿ ವಜಾ.

"ಆ ಪತ್ರ ಸಾಹೇಬ್ರು ಬರದ್ರೇನ್ರಿ?"

"ಸಾಹೇಬ್ರು ಹೇಳಿದ್ರು. ನಾ ಹೊಡದೆ." ಅವಳು ಹಿಟ್ಟು ಒಣಗಿದ ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು. "ನೀಲಗಂಗಾ ಹಡಪದ ಎಂಬುವವರು ಈ ಕಚೇರಿಯಲ್ಲಿ ಕರ್ತವ್ಯ ನಿರ್ವಹಿಸಿರುವುದಿಲ್ಲ. ಎರಡು ಪ್ರತಿ ತಗದು, ಸೀಲ್ ಹಾಕಿ, ನಾನ ಪೋಸ್ಟಿಗೆ ಹಾಕಿ ಬಂದೆ."

"ಹೊಡ್ಯಾಂಗಿಲ್ಲ ಅನಬೇಕಿತ್ತಲ್ರೀ?"

"ಅನಬೇಕಿತ್ತು. ದಿನಾ ಹತ್ತು ಪತ್ರ ಹೇಳ್ತಾರ. ಕಿವಿಗೆ ಬಿದ್ದದ್ದು ಕೈಗೆ ಬರತೈತಿ, ನಡುವ ತಲಿಗಿ ಹೋಗಂಗಿಲ್ಲ. ಸೀಲ್ ಹಾಕೂಮುಂದ ಓದಿದೆ." ಅವಳು ತಲೆ ಎತ್ತಿದಳು. "ತಮ್ಮಾ, ಆ ಲಾಗ್ ಕಾಗದದ ಮ್ಯಾಲೆ ತಗದು ಕೊಡಾಕ ಬರತೈತೇನು?"

"ಬರಂಗಿಲ್ರಿ ಅಕ್ಕಾರ. ತಗದ್ರ ನನ್ನ ಕೆಲಸಾ ಹೋಗತೈತಿ. ನಾನೂ ಗುತ್ತಿಗಿನ."

"ಅಳಿಸಿದ್ರ?"

"ಹೋತು. ಏನೂ ಉಳ್ಯಾಂಗಿಲ್ಲ. ನೀವು ಹೊಡದ ಹೇಳಿಕಿ ಒಂದ ಉಳಿತೈತಿ."

ಅವಳು ಬರುವುದಿಲ್ಲ ಎಂದೇ ಅಂದುಕೊಂಡೆ. ಬರಬೇಕಾದ ಗರಜು ಅವಳಿಗೇನೂ ಇರಲಿಲ್ಲ. ಆದರೆ ಬಾಗಿಲ ಹೊರಗೆ ಟ್ಯಾಂಕರ್ ಬಂದು ನಿಂತಿತು, ಹೆಂಗಸರು ಕೊಡ ಹೊತ್ತು ಓಡಿದರು. ಒಬ್ಬಳ ಕೊಡದ ಅಂಚು ಇನ್ನೊಬ್ಬಳ ಹಣೆಗೆ ತಾಗಿ ರಕ್ತ ಬಂತು. ಯಾರೂ ನಿಲ್ಲಲಿಲ್ಲ, ಪೆಟ್ಟು ಬಿದ್ದವಳೂ ನಿಲ್ಲಲಿಲ್ಲ.

ನೀಲಗಂಗಾ ಸೆರಗಿನಿಂದ ಕೈ ಒರೆಸಿಕೊಂಡಳು. "ಈರಕ್ಕ, ತಾಸಿನ್ಯಾಗ ಬರ್ತೀನಿ. ನಳದ ಬುಡಕ ಕೊಡ ಇಟ್ಟಿರು."

*

ಒಂಬತ್ತು ದಿನ ರೊಟ್ಟಿ ಬಡಿದ ಕೈಯನ್ನು ಯಂತ್ರ ಒಪ್ಪೀತೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಬಸ್ಸಿನಲ್ಲಿ ಹೇಳಲಿಲ್ಲ. ಅವಳು ಬೆರಳುಗಳನ್ನು ಮಡಿಚಿ ಬಿಚ್ಚುತ್ತ ಕೂತಿದ್ದಳು, ಅವಳಿಗೂ ಇತ್ತು.

ನಿಯಂತ್ರಣ ಕೊಠಡಿಯಲ್ಲಿ ಬಳಿಗಾರ ಸಾಹೇಬರು ತಾವೇ ಕುರ್ಚಿ ಎಳೆದು ಕೊಟ್ಟರು. "ಬಾ ನೀಲಾ. ಹಸನ್‌ಸಾಬ, ಚಹಾ ತರಿಸು."

"ಚಹಾ ಯಾತರದು ಮಾಡ್ತೀರಿ? ಇಲ್ಲೂ ನೀರಿಲ್ಲಲ್ಲ," ಎಂದಳು ಅವಳು.

ಕೂತು ಹೆಸರು ಹೊಡೆದಳು. ನಾನು ನನ್ನ ಪರದೆಯಲ್ಲಿ ಅಂಕಿ ನೋಡುತ್ತಿದ್ದೆ. ಎಪ್ಪತ್ತನಾಲ್ಕು. ಪರದೆಯ ಮೇಲೆ ಹಸಿರು ಪಟ್ಟಿ ಬಂತು: 'ನಮಸ್ಕಾರ, ಗುರುಶಾಂತ ಬಳಿಗಾರ.' ಫೋಲ್ಡರ್ ತೆರೆಯಿತು. ಒಂಬತ್ತು ದಿನದಿಂದ ಬಾಯಿ ಕಟ್ಟಿ ಕೂತಿದ್ದ ಪ್ರಿಂಟರು ಗರ್ ಎಂದು ಹನ್ನೆರಡು ಹಾಳೆ ಉಗುಳಿತು.

ಅವಳು ಸರದಿ ಬರೆಯುವುದನ್ನು ನೋಡಿದೆ. ನಕಾಶೆಯ ಕಡೆ ತಿರುಗಿ ನೋಡಲಿಲ್ಲ. ಎತ್ತರದ ವಾರ್ಡಿಗೆ ಮೊದಲು, ಟಾಕಿ ತುಂಬಿರುವಾಗ. ತಗ್ಗಿನದಕ್ಕೆ ಆಮೇಲೆ. ಹದಿನಾಲ್ಕಕ್ಕೆ ಮೂರು ತಾಸು. ಉಳಿಸು, ಉಳಿಸು. ಗೋಡೆಯ ಪರದೆಯಲ್ಲಿ ಒಂದೊಂದೇ ಕೆಂಪು ಹಸಿರಾಯಿತು. ಹತ್ತು ನಿಮಿಷದಲ್ಲಿ ಫೋನುಗಳ ದನಿ ಬದಲಾಯಿತು. ಹಸನ್‌ಸಾಬ "ಬಂತೇನ್ರಿ? ಬಂತಲ್ರೀ!" ಎನ್ನತೊಡಗಿದ.

ಸಾಹೇಬರು ಕುರ್ಚಿ ಹತ್ತಿರ ಎಳೆದುಕೊಂಡರು. "ಇನ್ನ ಅದೊಂದು ಹೇಳಿಕಿ, ನೀಲಾ. ನನ್ನ ಕೈ ನೋವು, ಅದಕ್ಕ ಬದಲಿಸ್ತೀನಿ ಅಂತ ಏನರ ಹಾಕು. ಹೊಸ ಗುತ್ತಿಗೆದಾರಗ ನಾ ಹೇಳ್ತೀನಿ. ಕಸಾ ಹೊಡಿಯೋರ ಪಟ್ಟಿಯೊಳಗ ಒಂದು ಜಾಗಾ ಖಾಲಿ ಐತಿ. ಕೂಡೂದು ಇಲ್ಲೇ, ಕೆಲಸಾ ಇದ. ಹೆಸರಷ್ಟ ಅಲ್ಲಿ."

"ಹೆಸರು ಎಲ್ಲಿದ್ರೇನ್ರಿ. ಇಲ್ಲೂ ನಂದಿರ್ಲಿಲ್ಲ." ಅವಳು ಅವರ ಕಡೆ ತಿರುಗಿದಳು. "ಸಾಹೇಬ್ರ, ನಾ ಇಲ್ಲಿ ಕೆಲಸಾ ಮಾಡೀನಿ ಅಂತ ಒಂದು ಕಾಗದ ಕೊಡ್ರಿ. ಎರಡ ಸಾಲು. ಮಂಗಳವಾರ ತೋರಿಸ್ತೀನಿ."

"ಕೊಟ್ರ ಯಾವ ಕೆಲಸಾ ಅಂತ ಕೇಳ್ತಾರ. ನನ್ನ ಲಾಗಿನ್ ಬಳಸಿದ್ಳು ಅಂದ್ರ ನಾ ಹೋದೆ. ನಿನ್ನ ಮ್ಯಾಲೂ ಕೇಸ್ ಆಗತೈತಿ, ಬ್ಯಾರೇಯವ್ರ ಹೆಸರಿನ್ಯಾಗ ಕೂತಿದ್ಳು ಅಂತ. ತಿಳೀತಿಲ್ಲೋ?"

"ತಿಳೀತ್ರಿ," ಎಂದಳು.

ಅಷ್ಟರಲ್ಲಿ ಶಾಸಕರ ಮನೆಯಿಂದ ಫೋನ್ ಬಂತು. ಸಾಹೇಬರು ಎದ್ದುಹೋಗಿ ನಕಾಶೆಯ ಮುಂದೆ ನಿಂತು, ಬೆನ್ನು ನಮ್ಮ ಕಡೆ ಮಾಡಿ, ಮುಖ್ಯ ಪೈಪಿನಲ್ಲಿ ದೊಡ್ಡ ದೋಷವಿತ್ತು, ರಾತ್ರಿಹಗಲು ನಿಂತು ಸರಿಮಾಡಿಸಿದೆವು ಎಂದು ವಿವರಿಸತೊಡಗಿದರು.

ನಾನು ಅರ್ಜಿ ತೆರೆದೆ. ಮೇಲೆ ಅಚ್ಚಾದ ಸಾಲು: ನಾನು, ಗುರುಶಾಂತ ಬಳಿಗಾರ, ನನ್ನ ಹೆಸರಿನಲ್ಲಿರುವ ಕೈಗುರುತನ್ನು ಅಳಿಸಲು ಸ್ವಇಚ್ಛೆಯಿಂದ ಒಪ್ಪಿದ್ದೇನೆ. ಕೆಳಗೆ ಖಾಲಿ ಚೌಕ: ಕಾರಣ.

"ಇಲ್ಲಿ ಏನ ಬರೀಬೇಕು ತಮ್ಮಾ?"

"ಅದನ್ನ ನಾವು ಹೇಳಂಗಿಲ್ರಿ," ಎಂದೆ. "ಕಾರಣಾ ಹಳೇ ಕೈಯೇ ಬರೀಬೇಕು. ಹಂಗ ನಿಯಮ ಐತಿ."

ಅವಳು ಒಂದು ಕ್ಷಣ ನನ್ನನ್ನು ನೋಡಿ ಹೊಡೆಯತೊಡಗಿದಳು. ಮೊದಲ ಪದಗಳಿಗೇ ಅಂಕಿ ಇಳಿಯಿತು. ಎಪ್ಪತ್ತಮೂರು. ಎಪ್ಪತ್ತೆರಡು. ಅವಳು ಕೀಲಿಗಳನ್ನು ಕುಟ್ಟುತ್ತಿದ್ದಳು. ಏಳು ವರ್ಷದ ಸರದಿಯಲ್ಲಿ ಈ ಭಾರ ಎಲ್ಲೂ ಇರಲಿಲ್ಲ. ಎಪ್ಪತ್ತೊಂದು. ಇನ್ನೆರಡು ಇಳಿದರೆ ಅವಳು ಯಾರೂ ಅಲ್ಲ.

"ಅಕ್ಕಾರ," ಎಂದೆ ಮೆಲ್ಲಗೆ. "ಸಿಟ್ಟಿಗೆ ಅಂಕಿ ಇಳೀತೈತ್ರಿ."

ಅವಳ ಬೆರಳು ನಿಂತವು. ಹೊಡೆದದ್ದನ್ನೆಲ್ಲ ಅಳಿಸಿದಳು. ಹೊರಗೆ ಟಾಕಿಯಿಂದ ನೀರು ಇಳಿಯುವ ಸದ್ದು ಗೋಡೆಯಲ್ಲೆಲ್ಲ ನಡುಗುತ್ತಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ, ದಿನವೂ ಒಂಬತ್ತೂ ನಲವತ್ತಕ್ಕೆ ಕೂತಂತೆ ಕೂತು, ನೀರಿನ ಸರದಿ ಬರೆಯುವಂತೆಯೇ ಬರೆದಳು.

'ಕಾರಣ: ಈ ಕೈ ನನ್ನದಲ್ಲ. ಈ ಕೈ ನೀಲಗಂಗಾ ಹಡಪದ ಎಂಬುವವರದು. ಹುದ್ದೆ: ದಿನಗೂಲಿ ಟೈಪಿಸ್ಟ್. ಕೆಲಸ: ಮೂವತ್ತೊಂದು ವಾಲ್ವುಗಳ ಸರದಿ, ನನ್ನ ಹೆಸರಿನ ಎಲ್ಲ ಪತ್ರಗಳು. ಅವಧಿ: ಏಳು ವರ್ಷ ಎರಡು ತಿಂಗಳು. ಹಾಜರಿ: ದಿನವೂ ಬೆಳಿಗ್ಗೆ 9.40. ಊಟದ ಬಿಡುವು: 22 ನಿಮಿಷ. ಪಡೆದ ರಜೆ: ಹನ್ನೊಂದು ದಿನ. ಎಡಗೈ ಮುರಿದಾಗ ಪಡೆದ ರಜೆ: ಇಲ್ಲ. ಇವರು ಈ ಕಚೇರಿಯಲ್ಲಿ ಕರ್ತವ್ಯ ನಿರ್ವಹಿಸಿಲ್ಲವೆಂಬ ನನ್ನ ಪತ್ರ ತಪ್ಪು. ಆ ಪತ್ರವನ್ನು ಟೈಪ್ ಮಾಡಿದ್ದೂ ಈ ಕೈ.'

ಎಪ್ಪತ್ತಾರು. ಎಪ್ಪತ್ತೆಂಟು.

ಕಳುಹಿಸು ಎಂಬುದನ್ನು ಎರಡು ಸಲ ಒತ್ತಿದಳು.

ಏಳು ವರ್ಷ ಅಳಿಯಲು ನಾಲ್ಕು ಸೆಕೆಂಡು ಹಿಡಿಯಿತು. ಲಾಗ್ ಖಾಲಿಯಾಯಿತು. ಸಾಹೇಬರ ಜೇಬಿನಲ್ಲಿ ಫೋನು ಮಿಡುಕಿತು. ಹೆಡ್ಡಾಫೀಸಿನ ಪ್ರತಿ. ಅವರು ಕನ್ನಡಕ ಏರಿಸಿ ನಿಂತಲ್ಲೇ ಓದಿದರು. ಎರಡು ಸಲ ಓದಿದರು.

"ನೀಲಾ, ಏನ ಬರದಿ ಇದು?"

"ಇದ್ದದ್ದರಿ."

"ನನ್ನ ಹೆಸರಿಲೆ?"

"ಏಳು ವರ್ಷ ಎಲ್ಲಾ ನಿಮ್ಮ ಹೆಸರಿಲೇನ ಬರದೀನ್ರಿ. ಯಾವಾಗೂ ಕೇಳಿಲ್ಲ ನೀವು."

ಸಾಹೇಬರು ನನ್ನ ಕಡೆ ತಿರುಗಿದರು. ನನಗೆ ಕನಿಕರವೂ ಬರಲಿಲ್ಲ, ಖುಷಿಯೂ ಆಗಲಿಲ್ಲ. "ಫಕ್ಕೀರಪ್ಪ, ಇದನ್ನ ವಾಪಸ್ ತಗಿ."

"ಬರಂಗಿಲ್ರಿ. ಈ ಹೇಳಿಕಿ ನಂದಲ್ಲ ಅಂತ ನೀವು ಬರದ ಕಳಸಬೋದು. ಇದ ಲ್ಯಾಪ್‌ಟಾಪಿನ್ಯಾಗ, ಹೊಸ ಕೈಗುರುತು ಮಾಡ್ಕೊಂಡ ಮ್ಯಾಲೆ. ಏಳು ದಿನದಾಗ."

"ಹಂಗಂದ್ರ ಆತಲ್ಲ."

"ನಿಮ್ಮದಲ್ಲಂದ್ರ ಮತ್ಯಾರ ಕೈಯಿದು ಅಂತ ಕೇಳ್ತಾರ್ರಿ."

ಅವರು ಕೂತರು. ಹೌದೆಂದರೂ ನೀಲಗಂಗಾ, ಇಲ್ಲವೆಂದರೂ ನೀಲಗಂಗಾ. ಅದು ಅವರಿಗೆ ಹೊಳೆದದ್ದು ಮುಖದಲ್ಲಿ ಕಂಡಿತು. ಆದರೂ ಎಲ್ಲೋ ಒಂದು ದಾರಿ ಇದ್ದೀತೆಂದು, ಒಂದು ಒಳ್ಳೆಯ ಪತ್ರ ಬರೆದರೆ ಎಲ್ಲ ಸರಿಹೋದೀತೆಂದು ಅನ್ನಿಸಿರಬೇಕು. ಸರಕಾರಿ ನೌಕರಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ ಹಾಗೆ ಅನ್ನಿಸುತ್ತದೆ. ಕಣ್ಣು ಮುಚ್ಚಿ, ಹಣೆ ತಿಕ್ಕಿಕೊಂಡು, ಲ್ಯಾಪ್‌ಟಾಪನ್ನು ಪಕ್ಕದ ಕುರ್ಚಿಯ ಕಡೆ ಸರಿಸಿದರು.

"ಹೊಡಿ ನೀಲಾ," ಎಂದರು. "ಮಾನ್ಯರೆ. ಮೇಲ್ಕಂಡ ಹೇಳಿಕೆಯನ್ನು ನಾನು ಸ್ವತಃ..."

ಹಸನ್‌ಸಾಬ ಫೋನು ಕೆಳಗಿಟ್ಟ. ಸಾಹೇಬರು ಕಣ್ಣು ತೆರೆದರು.

ನೀಲಗಂಗಾ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಅವರ ಕಡೆ ತಿರುಗಿಸಿ ಇಟ್ಟಳು.

"ಕೂಡ್ರಿ ಸಾಹೇಬ್ರ," ಎಂದಳು. "ಹದಿನೈದು ನಿಮಿಷ ಬಿಡದ ಹೊಡದ್ರ ಅದಕ್ಕ ನಿಮ್ಮ ಗುರ್ತು ಸಿಗತೈತಿ."